ಕಾವೇರಿಯ ಮತ್ಸ್ಯವಿನೋದ: ಒಂದು ಚಾರಿತ್ರಿಕ ನೋಟ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗಳು ಮತ್ತು ಅಳಿಯ ಅಮೆರಿಕೆಯಲ್ಲಿದ್ದಾರೆ. ಕಳೆದ ಬಾರಿ ಊರಿಗೆ ಬಂದಾಗ ಅವರು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ ವಾರಕಾಲ ತಂಗಿದ್ದ ಚಿತ್ರಗಳನ್ನು ನಮಗೆಲ್ಲ ತೋರಿಸಿದರು. ಆ ದ್ವೀಪದಲ್ಲಿ ಊರಿಲ್ಲ, ಸಂತೆಯಿಲ್ಲ. ಕೆಲವೇ ಕುಟೀರಗಳು, ಸುತ್ತಲೂ ನೀಲಿ ನೀರು. ಬೆಳಿಗ್ಗೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಕ್ಕೆ ಇಳಿಯುವುದು, ಸಂಜೆ ದೋಣಿಯಲ್ಲಿ ಕುಳಿತು ಗಾಳ ಹಾಕುವುದು, ಸಿಕ್ಕಿದ ಮೀನನ್ನು ಅಳತೆ ಮಾಡಿ, ಚಿತ್ರ ತೆಗೆದು, ಮರಳಿ ನೀರಿಗೇ ಬಿಡುವುದು. ಇದೇ ಅಲ್ಲಿನ ದಿನಚರಿಯಂತೆ. ಪಕ್ಕದಲ್ಲಿದ್ದ ರೈತಮಿತ್ರರೊಬ್ಬರು ಎಲ್ಲವನ್ನೂ ನೋಡಿ, "ಬಿಡೋದಕ್ಕೆ ಹಿಡಿಯೋದು ಯಾಕೆ ಮೇಷ್ಟ್ರೇ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಈ ಲೇಖನ ಅದಕ್ಕೆ ನಾವು ಹುಡುಕಿಕೊಂಡ ಉತ್ತರ.

ನಮ್ಮದು ನೀರಿಲ್ಲದ ಸೀಮೆ. ರಾಯದುರ್ಗದವರಿಗೆ ಹಗರಿಯೆಂದರೆ ವರ್ಷದ ಬಹುಕಾಲ ಮರಳು. ಮಡಕಶಿರದವರಿಗೆ ನೀರೆಂದರೆ ಕೆರೆ. ನಮ್ಮ ಬಾಲ್ಯದಲ್ಲಿ ಮೀನು ಹಿಡಿಯುವುದೆಂದರೆ ಕೆರೆ ಬತ್ತುವ ಕಾಲದ ಕೆಲಸವಾಗಿತ್ತು. ಕೊನೆಯ ಗುಂಡಿಯಲ್ಲಿ ಮೊಣಕಾಲುದ್ದ ಕೆಸರು ನೀರು ಉಳಿದಾಗ ಊರಿಗೆ ಊರೇ ಬುಟ್ಟಿ, ಹಳೆಯ ಸೀರೆ ಹಿಡಿದು ಇಳಿಯುತ್ತಿತ್ತು. ಬಿಡುವ ಮಾತೇ ಇರಲಿಲ್ಲ; ಬಿಟ್ಟರೂ ಮೀನಿಗೆ ಹೋಗಲು ಜಾಗವಿರಲಿಲ್ಲ. ಇಂತಹ ನಾಡಿನಲ್ಲಿ ಬೆಳೆದವರಿಗೆ ಮೀನು ಹಿಡಿಯುವುದೂ ಒಂದು ವಿನೋದ ಎನ್ನುವುದು ಸಾಹೇಬರ ಕಾಲದ ಆಮದು ಎಂದೇ ತೋರುತ್ತದೆ. ಆದರೆ ಚರಿತ್ರೆ ಬೇರೆಯದನ್ನು ಹೇಳುತ್ತದೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ, ಆರನೆಯ ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವನ್ನು ರಚಿಸಿದನು. ಕಾಲ ಸುಮಾರು ಕ್ರಿ.ಶ. 1129. ಈ ಒಂದು ವಾಕ್ಯವನ್ನು ನಾವು ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೇವೆ. ಒಂದು ಅಂಕದ ಪ್ರಶ್ನೆ. ಆ ಗ್ರಂಥದೊಳಗೆ ಏನಿದೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ; ಕೇಳಿದ್ದರೆ ನಮ್ಮಲ್ಲಿ ಉತ್ತರವೂ ಇರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದು ಲೇಸು. ನಿವೃತ್ತಿಯ ನಂತರವೇ ತಿಳಿದದ್ದು: ಐದು ವಿಂಶತಿಗಳ, ನೂರು ಅಧ್ಯಾಯಗಳ ಈ ಸಂಸ್ಕೃತ ಗ್ರಂಥದಲ್ಲಿ ಆನೆ, ಕುದುರೆ, ಸಂಗೀತ, ಚಿತ್ರ, ವೈದ್ಯ, ಅಡುಗೆಗಳ ಜೊತೆಗೆ 'ಮತ್ಸ್ಯವಿನೋದ' ಎಂಬ ಅಧ್ಯಾಯವೂ ಇದೆ. ನಮ್ಮ ಇಡ್ಲಿಯ ಪೂರ್ವಜವಾದ ಇಡ್ಡರಿಕೆಯನ್ನು ಹೇಳಿದ ಅರಸನೇ ಗಾಳದ ದಾರ ಹೇಗಿರಬೇಕು, ಕೋಲು ಹೇಗಿರಬೇಕು, ಕೊಕ್ಕೆ ಹೇಗಿರಬೇಕು, ಯಾವ ಮೀನಿಗೆ ಯಾವ ಆಹಾರ ಇಷ್ಟ ಎಂಬುದನ್ನೂ ಹೇಳಿದ್ದಾನೆ. ಹೊಳೆಯ ಮೀನು, ಕಡಲಿನ ಮೀನು, ಹುರುಪೆಯುಳ್ಳದ್ದು, ಹುರುಪೆಯಿಲ್ಲದ್ದು, ದೊಡ್ಡದು, ಚಿಕ್ಕದು ಎಂದು ಸುಮಾರು 35 ಬಗೆಗಳನ್ನು ವಿಂಗಡಿಸಿದ್ದಾನೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ಪರಿಶೀಲಿಸಿ, ಅದರ ಮೀನುಗಳನ್ನು ಇಂದಿನ ಹೆಸರುಗಳೊಡನೆ ಹೊಂದಿಸುವ ಪ್ರಯತ್ನ ಮಾಡಿದರು.

ಅಂದು ನೊಳಂಬವಾಡಿ 32000 ಚಾಲುಕ್ಯ ಸಾಮ್ರಾಜ್ಯದ ಒಂದು ಭಾಗ. ನೊಳಂಬರ ಹಳೆಯ ರಾಜಧಾನಿ ಹೆಂಜೇರು, ಅಂದರೆ ನಮ್ಮ ಮಡಕಶಿರದ ಹೇಮಾವತಿ. ಆದ್ದರಿಂದ ಮತ್ಸ್ಯವಿನೋದವನ್ನು ಬರೆದ ದೊರೆ ನಮಗೆ ಪರನಾಡಿನವನಲ್ಲ. ಆದರೂ ಒಂದು ಮಾತು: ಸೋಮೇಶ್ವರನು ಹಿಡಿದ ಮೀನನ್ನು ಬಿಡು ಎನ್ನುವ ಪಂಥದವನಲ್ಲ. ಅದೇ ಗ್ರಂಥದ ಅನ್ನಭೋಗದಲ್ಲಿ ಮೀನಿನ ಅಡುಗೆಯೂ ಇದೆ!

ಹಿಡಿದು ಬಿಡುವ ಆಟಕ್ಕೆ ನಾವು ಕಾವೇರಿಗೆ ಬರಬೇಕು. ಶಿವನಸಮುದ್ರದ ಜಲಪಾತದಿಂದ ಮೇಕೆದಾಟಿನವರೆಗೆ ಕಾವೇರಿ ಕಾಡು, ಬಂಡೆ, ಆಳವಾದ ಮಡುಗಳ ನಡುವೆ ಹರಿಯುತ್ತದೆ. ಈ ಮಡುಗಳಲ್ಲಿ ಮಹಸೀರ್ ಎಂಬ ಭಾರಿ ಮೀನು ವಾಸಿಸುತ್ತದೆ. ಗೆಂಡೆಯ ಜಾತಿಯದೇ ಆದರೂ ಆಳುದ್ದ ಬೆಳೆಯಬಲ್ಲದು. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಹಲ್ಲು. ಅವು ಕಬ್ಬಿಣದ ಕೊಕ್ಕೆಯನ್ನೂ ಅಮುಕಿ ಹಾಕುವಷ್ಟು ಬಲವಾದವು. ಮದರಾಸು ಸಿವಿಲ್ ಸರ್ವೀಸಿನ ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿ ದಕ್ಷಿಣ ಕನ್ನಡದಲ್ಲಿದ್ದಾಗ ಈ ಮೀನಿನ ಬೆನ್ನು ಹತ್ತಿ, 1873ರಲ್ಲಿ ಮಂಗಳೂರಿನಿಂದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನು ಪ್ರಕಟಿಸಿದನು. ಅಳತೆಗೆ ಅಳತೆ ನೋಡಿದರೆ ಇಂಗ್ಲೆಂಡಿನ ಸಾಲ್ಮನ್‌ಗಿಂತ ಮಹಸೀರೇ ಹೆಚ್ಚು ಸೆಣಸುತ್ತದೆ ಎಂಬುದು ಅವನ ತೀರ್ಮಾನ. ಆಗ ಮಂಗಳೂರು, ಬಳ್ಳಾರಿ ಜಿಲ್ಲೆಯ ರಾಯದುರ್ಗ, ಮಡಕಶಿರ ಎಲ್ಲವೂ ಒಂದೇ ಮದರಾಸು ಆಧಿಪತ್ಯದಲ್ಲಿದ್ದವು. ಅನಂತಪುರ ಜಿಲ್ಲೆ ಹುಟ್ಟಿದ್ದು 1882ರಲ್ಲಿ. ರಾಯದುರ್ಗ ಬಳ್ಳಾರಿಯಿಂದ ಅಗಲಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆ ಕಥೆ ನಮ್ಮ ಓದುಗರಿಗೆ ಹೊಸತಲ್ಲ.

ಕೇವಲ ಮೋಜಿನ ಪುಸ್ತಕವೆಂದು ಥಾಮಸನದನ್ನು ತಳ್ಳಿಹಾಕುವಂತಿಲ್ಲ. ನೀರಿಗೆ ವಿಷ ಬೆರೆಸಿ, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೂ ಬಾಚಿ ಮೀನಿನ ಸಂತತಿಯನ್ನೇ ಅಳಿಸುವುದರ ಬಗ್ಗೆ ಆತ ಸರ್ಕಾರಕ್ಕೆ ವರದಿ ಬರೆದವನು. ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲಿ ಬಂದಿತು. ಕಾಯಿದೆ ಬಂದುದರಿಂದ ಸಿಡಿಮದ್ದು ನಿಂತಿತೆಂದು ತಿಳಿಯಬಾರದು.

ಮಹಸೀರಿನ ದಾಖಲೆ ನಿರ್ಮಾಣವಾದದ್ದು 1946ರಲ್ಲಿ. ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮ ಹದಮಾಡಿ ಜೀವಂತದಂತೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತು. ಎಂದರೆ ಸುಮಾರು 54 ಕಿಲೋ. ಅರ್ಧ ಕ್ವಿಂಟಾಲಿಗೂ ಮಿಗಿಲು. ನಂತರದ ವರ್ಷಗಳಲ್ಲಿ ಈ ಮೀನಿನ ಸುದ್ದಿಯೇ ಅಡಗಿತು. ಮುಗಿದೇ ಹೋಯಿತೆಂದು ಹೊರಜಗತ್ತು ಭಾವಿಸಿದ್ದಾಗ, 1970ರ ದಶಕದ ಕೊನೆಯಲ್ಲಿ ಮೂವರು ಬ್ರಿಟಿಷ್ ಯುವಕರು ಗಾಳ ಹಿಡಿದು ಬಂದು, ಕಾವೇರಿಯಲ್ಲಿ ಮಹಸೀರ್ ಇನ್ನೂ ಬದುಕಿದೆಯೆಂದು ತೋರಿಸಿದರು. 1972ರಲ್ಲಿ ಸ್ಥಾಪನೆಯಾಗಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಗುತ್ತಿಗೆ ಪಡೆದು ಕಾಯತೊಡಗಿತು. 1980ರಲ್ಲಿ ಆರಂಭವಾದ ಕರ್ನಾಟಕದ ಜಂಗಲ್ ಲಾಡ್ಜಸ್ ಸಂಸ್ಥೆ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ, ಆಮೇಲೆ ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಮೀನುಗಾರಿಕೆ ಶಿಬಿರಗಳನ್ನು ನಡೆಸಿತು. ಸುತ್ತ ಕಾಡು, ಎದುರಿಗೆ ಹೊಳೆ, ತಂಗಲು ಗುಡಾರ. ದೇಶವಿದೇಶಗಳ ಜನ ಬಂದು ದಿನಗಟ್ಟಲೆ ಒಂದೇ ಬಂಡೆಯ ಮೇಲೆ ಕುಳಿತರು. ಕೆರಿಬಿಯನ್ ದ್ವೀಪದ ಏಕಾಂತ ನಮ್ಮ ಕನ್ನಡ ನಾಡಿನಲ್ಲಿಯೂ ಇತ್ತು. ನೀರಿನೊಳಕ್ಕೆ ಮುಳುಗುವ ಆಸೆಯುಳ್ಳವರಿಗೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪವಿದೆ. ಆದರೆ ಅಲ್ಲಿ ತಂಗುವಂತಿಲ್ಲ, ಬೆಳಿಗ್ಗೆ ಹೋಗಿ ಮರಳಿ ಬರಬೇಕು. ಈ ವಯಸ್ಸಿನಲ್ಲಿ ನಮಗೆ ಹೊಳೆಯ ದಡವೇ ಕ್ಷೇಮ.

ನಾವು ನಿವೃತ್ತರಾದ ಮರುವರ್ಷ, 2009ರ ಬೇಸಿಗೆಯಲ್ಲಿ, ಸ್ನೇಹಿತರ ಕುಟುಂಬಗಳೊಡನೆ ವ್ಯಾನು ಮಾಡಿಕೊಂಡು ಶಿವನಸಮುದ್ರ ನೋಡಿ ಭೀಮೇಶ್ವರಿಗೆ ಹೋಗಿದ್ದೆವು. ಶಿಬಿರದ ಬಾಡಿಗೆ ಮೇಷ್ಟ್ರ ಪಿಂಚಣಿಗೆ ನಿಲುಕುವಂತಿರಲಿಲ್ಲ. ನಾವು ದಡದಲ್ಲಿ ಬುತ್ತಿ ಬಿಚ್ಚಿದವರು. ಅಲ್ಲಿ ವಿದೇಶಿಯರೊಬ್ಬರು ಗಾಳ ಹಿಡಿದು ಕುಳಿತಿದ್ದರು. ಅವರ ಪಕ್ಕದಲ್ಲಿ ತಲೆಗೆ ಟವೆಲು ಸುತ್ತಿದ ಊರಿನ ಮುದುಕ ರಾಗಿ ಹಿಟ್ಟಿನ ಮುದ್ದೆ ಬೇಯಿಸಿ, ನಿಂಬೆಗಾತ್ರದ ಉಂಡೆ ಕಟ್ಟಿ ಕೊಕ್ಕೆಗೆ ಮೆತ್ತುತ್ತಿದ್ದ. ಮಹಸೀರಿಗೆ ಅದೇ ಪ್ರಿಯವಂತೆ. ನಮ್ಮ ಜೊತೆಯಲ್ಲಿದ್ದ ಮಡಕಶಿರದ ಹೆಣ್ಣುಮಕ್ಕಳು, "ನಮ್ಮೂರ ಊಟಾನೇ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಸ್ವಲ್ಪ ಹೊತ್ತಿಗೆ ದಾರ ಸರ್ರನೆ ಓಡಿತು. ಮುದುಕ ಹರಿಗೋಲು ಹತ್ತಿ ಹಿಂದೆಯೇ ಹೋದ. ಅರ್ಧ ಗಂಟೆಗೂ ಮಿಕ್ಕಿ ಸೆಣಸಾಟ. ಮೀನನ್ನು ದಡದ ನೀರಿನಲ್ಲೇ ಹಿಡಿದು, ಅಳತೆ ಮಾಡಿ, ಪುಸ್ತಕವೊಂದರಲ್ಲಿ ತಾರೀಖು, ಸಮಯ, ತೂಕ ಗುರುತು ಹಾಕಿಕೊಂಡು, ಅದು ಉಸಿರು ಹಿಡಿಯುವವರೆಗೆ ಎರಡು ಕೈಗಳಲ್ಲಿ ತೂಗಿ ಬಿಟ್ಟರು.

ಆ ಮುದುಕನನ್ನು ನಾವು ಮಾತಿಗೆಳೆದೆವು. "ಆಗ ಒಂದ್ ಸಲ ಮದ್ದು ಹಾಕುದ್ರೆ ಗೋಣಿ ತುಂಬ್ತಿತ್ತು ಸ್ವಾಮಿ. ಈಗ ಅದೇ ಮೀನ್ನ ಕಾಯಕ್ಕೆ ಸಂಬಳ ಬತ್ತದೆ" ಎಂದ. ಹಿಂದೆ ಸಿಡಿಮದ್ದು ಹಾಕುತ್ತಿದ್ದ ಕೆಲವರನ್ನೇ ಕಾವಲಿಗೂ ಗಾಳಗಾರರ ಸಹಾಯಕ್ಕೂ ಶಿಬಿರಗಳು ನೇಮಿಸಿಕೊಂಡದ್ದು ಎಲ್ಲರೂ ಬಲ್ಲ ಸಂಗತಿ. ಬಿಡುವುದಕ್ಕೆ ಹಿಡಿಯುವುದೇಕೆಂಬ ಪ್ರಶ್ನೆಗೆ ಅವನ ಮಾತು ಅರ್ಧ ಉತ್ತರ.

ಉಳಿದರ್ಧ ಆ ಪುಸ್ತಕದಲ್ಲಿತ್ತು. ಹಾಜರಿ ಪುಸ್ತಕದೊಡನೆ ಬದುಕಿದ ನಮಗೆ ಅದರ ಬೆಲೆ ತಡವಾಗಿಯಾದರೂ ತಿಳಿಯಿತು. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಕುಳಿತು ಕೂಡಿದರು. ಒಟ್ಟು ಆರು ಸಾವಿರಕ್ಕೂ ಹೆಚ್ಚು ಮಹಸೀರುಗಳು. ಮೇಲುನೋಟಕ್ಕೆ ಸಂತೋಷದ ಸುದ್ದಿ: ವರ್ಷದಿಂದ ವರ್ಷಕ್ಕೆ ಮೀನು ಹೆಚ್ಚಿದೆ. ಆದರೆ ಕಾವೇರಿಯಲ್ಲಿ ಎರಡು ಬಗೆಯ ಮಹಸೀರುಗಳಿದ್ದವು. ಒಂದು, ಬೆನ್ನಲ್ಲಿ ಡುಬ್ಬವುಳ್ಳ, ಕಾವೇರಿ ಕಣಿವೆಯದೇ ಆದ ಹಳೆಯ ಮೀನು. ದಾಖಲೆಯ ದೈತ್ಯರೆಲ್ಲ ಇದೇ ಕುಲ. ಇನ್ನೊಂದು, ನೀಲಿ ರೆಕ್ಕೆಯ ಮೀನು. ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿ, ಒಳ್ಳೆಯ ಉದ್ದೇಶದಿಂದಲೇ ಹೊಳೆಗೆ ಬಿಟ್ಟ ತಳಿ. 1998ರಲ್ಲಿ ಒಂದು ಡುಬ್ಬದ ಮೀನಿಗೆ ನಾಲ್ಕು ನೀಲಿ ರೆಕ್ಕೆಯವು ಸಿಗುತ್ತಿದ್ದವು. 2012ಕ್ಕೆ ಒಂದಕ್ಕೆ 218. ತರಗತಿ ತುಂಬಿದಂತೆ ಕಾಣುತ್ತದೆ, ಊರ ಮಕ್ಕಳೇ ಇಲ್ಲ! ಗಡಿಯ ಕನ್ನಡ ಶಾಲೆಗಳ ಹಾಜರಿ ಕೂಗಿದವರಿಗೆ ಈ ಬಗೆಯ ಲೆಕ್ಕವನ್ನು ವಿವರಿಸಬೇಕಾಗಿಲ್ಲ.

2012ರಲ್ಲಿ ಆ ಲೆಕ್ಕ ನಿಂತಿತು. ಹೊಳೆಯ ಈ ಭಾಗ 1987ರಿಂದ ಕಾವೇರಿ ವನ್ಯಜೀವಿ ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಮತ್ತೊಮ್ಮೆ ಓದಿ, ಅಭಯಾರಣ್ಯದೊಳಗೆ ಗಾಳ ಹಾಕುವುದು, ಬಿಡುವುದಾದರೂ, ಬೇಟೆಯೇ ಎಂದು ಅರ್ಥ ಮಾಡಲಾಯಿತು. ಅಕ್ಷರ ಹಿಡಿದು ನೋಡಿದರೆ ತಪ್ಪೆನ್ನಲಾಗದು. ಜಿಂಕೆಗೆ ಬಲೆ ಹಾಕಿ ಬಿಡುತ್ತೇವೆಂದರೆ ಯಾರು ಒಪ್ಪುತ್ತಾರೆ? ಕೊಕ್ಕೆ ಚುಚ್ಚಿಸಿಕೊಂಡ ಮೀನಿಗೆ ನೋವಿಲ್ಲವೆಂದು ನಾವೂ ಹೇಳಲಾರೆವು. ಆದರೂ ಅಂದು ಹೊಳೆಯ ದಡದಿಂದ ಹೋದವರು ಗಾಳಗಾರರು ಮಾತ್ರವಲ್ಲ, ಲೆಕ್ಕ ಬರೆಯುವವರೂ ಹೋದರು. ರಾಗಿ ಉಂಡೆ ಕಟ್ಟುತ್ತಿದ್ದವರ ಆ ಕೆಲಸವೂ ಹೋಯಿತು. ಶಿಬಿರಗಳು ಇಂದಿಗೂ ಇವೆ. ಹರಿಗೋಲು, ಹಗ್ಗದ ಸೇತುವೆ, ಕಾಡಿನ ನಡಿಗೆಗಳಿಗಾಗಿ ಜನ ಬರುತ್ತಾರೆ. ಕಾಯಿದೆಯೊಳಗೇ ಅವರಿಗೊಂದು ಸಣ್ಣ ಎಡೆ ಮಾಡಿಕೊಡಬಹುದಿತ್ತು ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಇನ್ನೊಂದು ಸೋಜಿಗವಿದೆ. ನೂರಾರು ವರ್ಷ ಜಗತ್ತು ಕೊಂಡಾಡಿದ ಈ ಡುಬ್ಬದ ಮೀನಿಗೆ ವಿಜ್ಞಾನದಲ್ಲಿ ಖಚಿತವಾದ ಹೆಸರೇ ಇರಲಿಲ್ಲ. ಕೇರಳದಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕಾವೇರಿ ವ್ಯವಸ್ಥೆಗೆ ಸೇರುವ ಪಾಂಬಾರ್ ಹೊಳೆಯ ಮೀನಿಗೆ ಮೊದಲೇ ಇಟ್ಟಿದ್ದ 'ಟಾರ್ ರೆಮದೇವಿ' ಎಂಬ ಹೆಸರೇ ಇದರದೂ ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ದಾಖಲಾತಿ ಮತ್ತು ವರ್ಗಾವಣೆ ಪತ್ರ ಒಂದೇ ದಿನ ಬರೆದಂತೆ.

ಈಗ ನಮ್ಮ ಹಗರಿಗೆ ಬರೋಣ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಹರಿಯಿತು. ರಾಯದುರ್ಗದ ಕಡೆ, ಭೈರವಾನಿತಿಪ್ಪದ ಜಲಾಶಯದತ್ತ ನೀರು ಬಂದಿತೆಂದು ಜನ ಜಾತ್ರೆಯಂತೆ ಹೋದರು, ಪೂಜೆ ಮಾಡಿದರು. ನಾವೂ ಮೊಮ್ಮಗನೊಡನೆ ಹೋದೆವು. ದಡದುದ್ದಕ್ಕೂ ಹುಡುಗರು ಕೋಲಿಗೆ ದಾರ ಕಟ್ಟಿ ಕುಳಿತಿದ್ದರು. ಶಾಲೆಯಿಂದ ಬರುವಾಗ ಯಾರೋ ಕೊಟ್ಟಿದ್ದ ಬಳಸದ ಹಾಜರಿ ಪುಸ್ತಕವೊಂದು ಮನೆಯಲ್ಲಿತ್ತು. ಮರುದಿನ ಅದನ್ನು ಒಯ್ದು, ಆ ಹುಡುಗರು ಹಿಡಿದ ಮೀನುಗಳ ಹೆಸರನ್ನು ಅವರು ಹೇಳಿದಂತೆಯೇ ಬರೆದುಕೊಂಡೆವು: ಗೆಂಡೆ, ಕೊರಮೀನು, ಚೇಳುಮೀನು. ಉದ್ದವನ್ನು ಗೇಣು, ಬೆರಳಿನಲ್ಲಿ ಮೊಮ್ಮಗ ಅಳೆದ. ಕತ್ತಲಾಗುವ ಹೊತ್ತಿಗೆ ಒಂದೂವರೆ ಪುಟವಾಯಿತು. ಪುಸ್ತಕ ಈಗ ಸಂಘದ ಕಪಾಟಿನಲ್ಲಿದೆ. ಹಗರಿಗೆ ನೀರು ಬಂದಾಗ ಮುಂದಿನ ಪುಟ ಬರೆಯುವವರು ಕೇಳಿ ಪಡೆಯಬಹುದು.