ಹಳೆಯ ಕಂಪ್ಯೂಟರ್ ನಿಜಕ್ಕೂ ನಿರುಪಯೋಗಿಯೇ?

“ನಿಮ್ಮ ಕಂಪ್ಯೂಟರ್ ಹಳೆಯದಾಯಿತು. ಇನ್ನು ಇದರಲ್ಲಿ ಎಡಿಟಿಂಗ್ ಆಗುವುದಿಲ್ಲ. ಹೊಸದನ್ನು ಕೊಂಡುಬಿಡಿ.” ಸಣ್ಣ ಪಟ್ಟಣಗಳಲ್ಲಿ ಮದುವೆಯ ಫೋಟೋ, ವೀಡಿಯೊ ಮಾಡಿ ಬದುಕುವವರಿಗೆ ಈ ಮಾತು ಹೊಸದಲ್ಲ. ಹೇಳುವವರಿಗೆ ಇದು ಸುಲಭದ ಸಲಹೆ. ಕೇಳುವವರಿಗೆ ತಿಂಗಳು ತಿಂಗಳು ಕಟ್ಟಬೇಕಾದ ಸಾಲದ ಕಂತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ನಿಂತ ಬಳಿಕ ಈ ಸಲಹೆಗೆ ಇನ್ನಷ್ಟು ಬಲ ಬಂದಿದೆ. ವಿಂಡೋಸ್ 11 ಕೇಳುವ ಪ್ರೊಸೆಸರ್ ಮತ್ತು ಭದ್ರತಾ ಚಿಪ್ ಇಲ್ಲವೆಂಬ ಒಂದೇ ಕಾರಣಕ್ಕೆ, ಚೆನ್ನಾಗಿಯೇ ನಡೆಯುತ್ತಿರುವ ಯಂತ್ರಗಳೂ ಗುಜರಿ ಅಂಗಡಿಯ ದಾರಿ ಹಿಡಿಯುವಂತಾಗಿದೆ.

ಹಾಗಾದರೆ ಒಂದು ಯಂತ್ರ ನಿಜವಾಗಿ ಹಳೆಯದಾಗುವುದು ಯಾವಾಗ? ಚಿತ್ರ ಸಂಕಲನದ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಿದರೆ ಈ ಪ್ರಶ್ನೆಗೆ ಕುತೂಹಲದ ಉತ್ತರ ಸಿಗುತ್ತದೆ.

ಫೋಟೋಶಾಪ್ ಹುಟ್ಟಿದ್ದು ಬಲಾಢ್ಯ ಯಂತ್ರದಲ್ಲಲ್ಲ. 1987ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿ ಥಾಮಸ್ ನೋಲ್ ಅವರ ಬಳಿ ಇದ್ದುದು ಆಪಲ್ ಕಂಪೆನಿಯ ಮ್ಯಾಕಿಂಟೋಷ್ ಪ್ಲಸ್. ಅದರ ಪ್ರೊಸೆಸರ್ ವೇಗ 8 ಮೆಗಾಹರ್ಟ್ಸ್. ಪರದೆಗೆ ಗೊತ್ತಿದ್ದುದು ಕಪ್ಪು ಮತ್ತು ಬಿಳಿ ಮಾತ್ರ. ನಡುವಿನ ಬೂದು ಬಣ್ಣವನ್ನು ತೋರಿಸಲು ಅದಕ್ಕೆ ಬಾರದು. ಅಂತಹ ಪರದೆಯ ಮೇಲೆ ಬೂದು ಬಣ್ಣದ ಚಿತ್ರ ಕಾಣುವಂತೆ ಮಾಡಲು ನೋಲ್ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಸಿನಿಮಾ ವಿಶೇಷ ದೃಶ್ಯಗಳ ಕೆಲಸದಲ್ಲಿದ್ದ ತಮ್ಮ ಜಾನ್ ಅದನ್ನು ಕಂಡು ಬೆಳೆಸಲು ಒತ್ತಾಯಿಸಿದರು. ಯಂತ್ರದ ಕೊರತೆಯನ್ನು ನೀಗಿಸಲು ಹೊರಟ ಆ ಪ್ರಯತ್ನವೇ 1990ರ ಫೆಬ್ರವರಿಯಲ್ಲಿ ಅಡೋಬಿ ಕಂಪೆನಿಯ ಮೂಲಕ ಫೋಟೋಶಾಪ್ ಆಗಿ ಹೊರಬಂತು.

ಆ ಮೊದಲ ಆವೃತ್ತಿಗೆ 2 ಎಂಬಿ ಮೆಮೊರಿ ಸಾಕಾಗಿತ್ತು. ಇಂದು ನಾವು “ಏನಕ್ಕೂ ಸಾಲದು” ಎನ್ನುವ 4 ಜಿಬಿ ಮೆಮೊರಿ ಅದರ ಎರಡು ಸಾವಿರ ಪಟ್ಟು! ಒಂದರ ಮೇಲೊಂದು ಪದರವಿಟ್ಟು ಕೆಲಸ ಮಾಡುವ ಲೇಯರ್ ಸೌಲಭ್ಯ ಬಂದದ್ದು 1994ರಲ್ಲಿ. ಹಲವು ಹೆಜ್ಜೆ ಹಿಂದಕ್ಕೆ ಹೋಗಿ ತಪ್ಪು ತಿದ್ದುವ ಅವಕಾಶ ದೊರೆತದ್ದು 1998ರಲ್ಲಿ. ಅಲ್ಲಿಯವರೆಗೆ ಒಂದು ಹೆಜ್ಜೆ ಮಾತ್ರ ಹಿಂದೆ ಹೋಗಬಹುದಿತ್ತು. ಹಾಗಾಗಿ ಕೈ ಆಡಿಸುವ ಮೊದಲು ಯೋಚಿಸಬೇಕಿತ್ತು.

ವೀಡಿಯೊದ ಹೊರೆ ಇದಕ್ಕಿಂತ ದೊಡ್ಡದು. 1989ರಲ್ಲಿ ಅವಿಡ್ ಎಂಬ ಕಂಪೆನಿ ಮ್ಯಾಕಿಂಟೋಷ್ ಆಧರಿಸಿದ ಎಡಿಟಿಂಗ್ ವ್ಯವಸ್ಥೆಯನ್ನು ತಂದಾಗ, ಸಿನಿಮಾದ ಪೂರ್ಣ ಗುಣಮಟ್ಟದ ಚಿತ್ರವನ್ನು ಹೊರುವ ಶಕ್ತಿ ಅಂದಿನ ಹಾರ್ಡ್ ಡಿಸ್ಕ್‌ಗಳಿಗೆ ಇರಲಿಲ್ಲ. ಅದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಕಂಪ್ಯೂಟರಿಗೆ ಮೂಲ ಚಿತ್ರದ ಮಸುಕಾದ, ಹಗುರವಾದ ಪ್ರತಿಯನ್ನಷ್ಟೇ ಕೊಡುವುದು. ಸಂಕಲನಕಾರ ಅದನ್ನೇ ನೋಡಿ ಯಾವ ಶಾಟ್ ಎಲ್ಲಿಂದ ಎಲ್ಲಿಯವರೆಗೆ ಇರಬೇಕೆಂದು ತೀರ್ಮಾನಿಸುವುದು. ಕೊನೆಗೆ ಆ ಪಟ್ಟಿಯಂತೆ ಮೂಲ ನೆಗೆಟಿವ್ ಅನ್ನು ಕತ್ತರಿಸಿ ಜೋಡಿಸುವುದು. 1996ರ ‘ದಿ ಇಂಗ್ಲಿಷ್ ಪೇಷೆಂಟ್’ ಚಿತ್ರಕ್ಕೆ ವಾಲ್ಟರ್ ಮರ್ಚ್ ಅವರು ಅವಿಡ್ ಬಳಸಿ ಮಾಡಿದ ಸಂಕಲನಕ್ಕೆ ಆಸ್ಕರ್ ದೊರೆಯಿತು. ಕಂಪ್ಯೂಟರಿನಲ್ಲಿ ಸಂಕಲನಗೊಂಡು ಆ ವಿಭಾಗದಲ್ಲಿ ಆಸ್ಕರ್ ಪಡೆದ ಮೊದಲ ಚಿತ್ರವದು. 2003ರ ‘ಕೋಲ್ಡ್ ಮೌಂಟನ್’ ಚಿತ್ರಕ್ಕೆ ಅವರು ಬಳಸಿದ್ದು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಪವರ್ ಮ್ಯಾಕ್ ಜಿ4 ಕಂಪ್ಯೂಟರ್‌ಗಳನ್ನು. ನಮ್ಮ ಕಿಸೆಯಲ್ಲಿರುವ ಮೊಬೈಲುಗಳು ಅವುಗಳಿಗಿಂತ ಎಷ್ಟೋ ಶಕ್ತಿಶಾಲಿ.

ಅದು ಹಾಲಿವುಡ್‌ನ ಮಾತಾಯಿತು, ಬಡವರ ಪಾಡೇನು ಎಂದು ಕೇಳಬಹುದು. ಅದಕ್ಕೆ ಉತ್ತರ ನಮ್ಮ ನೆರೆಯ ಮಹಾರಾಷ್ಟ್ರದಲ್ಲೇ ಇದೆ. ಮಾಲೆಗಾಂವ್ ಎಂದೊಡನೆ ಹಲವರಿಗೆ ನೆನಪಾಗುವುದು 2006 ಮತ್ತು 2008ರ ಬಾಂಬ್ ಸ್ಫೋಟಗಳು. ಆದರೆ ಪವರ್‌ಲೂಮ್ ಕಾರ್ಮಿಕರ, ಮುಸ್ಲಿಮರು ಹೆಚ್ಚಾಗಿರುವ ಈ ಊರಿಗೆ ಇನ್ನೊಂದು ಚರಿತ್ರೆಯಿದೆ. ಅಲ್ಲಿ ವೀಡಿಯೊ ಪಾರ್ಲರ್ ನಡೆಸುತ್ತಿದ್ದ ಶೇಖ್ ನಾಸಿರ್, ಊರಿನವರನ್ನೇ ಸೇರಿಸಿಕೊಂಡು ‘ಶೋಲೆ’ಯ ಅಣಕು ಚಿತ್ರವೊಂದನ್ನು ತಯಾರಿಸಿದರು. ಎಡಿಟಿಂಗ್‌ಗೆ ಅವರಲ್ಲಿ ಇದ್ದುದು ವಿಸಿಆರ್‌ಗಳು ಮಾತ್ರ.

ವಿಸಿಆರ್‌ನಲ್ಲಿ ಎಡಿಟ್ ಮಾಡುವುದೆಂದರೆ ಒಂದರಲ್ಲಿ ಟೇಪು ಓಡಿಸಿ, ಬೇಕಾದ ಭಾಗ ಬಂದಾಗ ಇನ್ನೊಂದರಲ್ಲಿ ರೆಕಾರ್ಡ್ ಗುಂಡಿ ಒತ್ತುವುದು. ನಡುವೆ ಒಂದು ಶಾಟ್ ಉದ್ದ ಮಾಡಬೇಕೆನಿಸಿದರೆ ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ರೆಕಾರ್ಡ್ ಮಾಡಬೇಕು. ಪ್ರತಿಯಿಂದ ಪ್ರತಿ ತೆಗೆದಂತೆ ಚಿತ್ರ ಮಾಸುತ್ತದೆ. ಆದರೂ ಜನ ಟಿಕೆಟ್ ಕೊಂಡು ನೋಡಿದರು, ನಕ್ಕರು. ಮುಂದೆ ಅವರು ‘ಸೂಪರ್‌ಮ್ಯಾನ್’ ಅಣಕು ಚಿತ್ರ ಮಾಡುವ ಹೊತ್ತಿಗೆ ಕಂಪ್ಯೂಟರ್ ಬಂದಿತ್ತು. ಹಸಿರು ಬಟ್ಟೆಯ ಮುಂದೆ ಚಿತ್ರೀಕರಿಸಿ ನೇಕಾರನೊಬ್ಬನನ್ನು ಆಕಾಶದಲ್ಲಿ ಹಾರಿಸಿದರು. ಫೈಝಾ ಅಹ್ಮದ್ ಖಾನ್ ಅವರ 2008ರ ಸಾಕ್ಷ್ಯಚಿತ್ರ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಈ ಸಾಹಸವನ್ನು ಲೋಕಕ್ಕೆ ತಿಳಿಸಿತು.

ಹಾಗಿದ್ದರೆ ಇಂದು ಹತ್ತು ವರ್ಷದ ಕಂಪ್ಯೂಟರ್ ವೀಡಿಯೊ ಕಂಡೊಡನೆ ಏಕೆ ನಿಂತುಬಿಡುತ್ತದೆ? ಅದರ ಶಕ್ತಿ ಕುಂದಿದ್ದರಿಂದಲ್ಲ, ನಾವು ಹೊರಿಸುವ ಹೊರೆ ಹೆಚ್ಚಿದ್ದರಿಂದ. 4ಕೆ ವೀಡಿಯೊದ ಒಂದೊಂದು ಚಿತ್ರದಲ್ಲೂ 3840×2160, ಅಂದರೆ ಸುಮಾರು 83 ಲಕ್ಷ ಚುಕ್ಕಿಗಳಿವೆ. ಜೊತೆಗೆ, ಜಾಗ ಉಳಿಸಲು ಕ್ಯಾಮರಾಗಳು ಎಲ್ಲ ಚಿತ್ರಗಳನ್ನೂ ಪೂರ್ತಿಯಾಗಿ ದಾಖಲಿಸುವುದಿಲ್ಲ. ಕೆಲವನ್ನು ಪೂರ್ತಿ ಬರೆದು, ಉಳಿದವುಗಳಲ್ಲಿ ಆದ ಬದಲಾವಣೆಯನ್ನಷ್ಟೇ ಬರೆದಿಡುತ್ತವೆ. ಅದನ್ನು ತೆರೆಯುವಾಗ ಕಂಪ್ಯೂಟರ್ ಪ್ರತಿ ಬಾರಿ ಲೆಕ್ಕ ಹಾಕಬೇಕು.

ಪರಿಹಾರವೂ ಆ ಹಳೆಯ ಉಪಾಯವೇ. 640×360 ಅಳತೆಯ ಹಗುರ ಪ್ರತಿ ಮಾಡಿಕೊಂಡರೆ ಚುಕ್ಕಿಗಳ ಹೊರೆ 36ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದರಲ್ಲೇ ಕತ್ತರಿಸಿ, ಜೋಡಿಸಿ, ಕೊನೆಗೆ ಮೂಲ ವೀಡಿಯೊಗೆ ಅನ್ವಯಿಸಿದರಾಯಿತು. ಇದಕ್ಕೆ ಪ್ರಾಕ್ಸಿ ಎಂದು ಹೆಸರು. ಕೆಡೆನ್‌ಲೈವ್‌ನಂತಹ ಉಚಿತ ತಂತ್ರಾಂಶದಲ್ಲೂ ಈ ಸೌಲಭ್ಯವಿದೆ. ಫೋಟೋಗಳಿಗೆ 1996ರಿಂದ ಲಭ್ಯವಿರುವ ಗಿಂಪ್ ಇದೆ. ಎರಡೂ ಲಿನಕ್ಸ್‌ನಲ್ಲಿ ನಡೆಯುತ್ತವೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ, ಸಾಧ್ಯವಿದ್ದರೆ ಮೆಮೊರಿ ಹೆಚ್ಚಿಸಿದರೆ ಹಳೆಯ ಯಂತ್ರ ಮತ್ತೆ ಮೈಕೊಡವಿ ಏಳುತ್ತದೆ.

ಇದಕ್ಕೂ ಮಿತಿಗಳಿವೆ. ಕೊನೆಯ ವೀಡಿಯೊ ಸಿದ್ಧವಾಗಲು ರಾತ್ರಿಯಿಡೀ ಬೇಕಾದೀತು. ಬೆಂಬಲ ನಿಂತ ವಿಂಡೋಸ್ ಇಟ್ಟುಕೊಂಡು ಇಂಟರ್‌ನೆಟ್ ಬಳಸುವುದು, ಅದರಲ್ಲೂ ಬ್ಯಾಂಕ್ ವ್ಯವಹಾರ ಮಾಡುವುದು ಅಪಾಯ. ನಾಳೆಯೇ ಕೊಡಬೇಕಾದ ಕೆಲಸ ದಿನವೂ ಇರುವವರಿಗೆ ಹೊಸ ಯಂತ್ರ ಬೇಕಾಗಬಹುದು. ಅದು ಅವರ ಲೆಕ್ಕಾಚಾರ.

ಆದರೆ ಕೊಳ್ಳುವ ತೀರ್ಮಾನ ನಮ್ಮ ಅಗತ್ಯದಿಂದ ಬರಬೇಕೇ ಹೊರತು, ಮಾರುವವರ ಕ್ಯಾಲೆಂಡರಿನಿಂದಲ್ಲ. ಎಸೆದ ಕಂಪ್ಯೂಟರ್ ಮಾಯವಾಗುವುದಿಲ್ಲ; ಅದರ ತಂತಿ ಸುಟ್ಟು ತಾಮ್ರ ತೆಗೆಯುವ ಬಡವರ ಶ್ವಾಸಕೋಶಕ್ಕೆ ಅದರ ಹೊಗೆ ಸೇರುತ್ತದೆ. ಎರಡು ಎಂಬಿಯಲ್ಲಿ ಫೋಟೋ ತಿದ್ದಿದವರು, ಎರಡು ವಿಸಿಆರ್ ನಡುವೆ ಒಂದು ಊರನ್ನೇ ನಗಿಸಿದವರು ನಮಗೆ ಬಿಟ್ಟುಹೋಗಿರುವ ಪಾಠ ಇಷ್ಟೇ: ಯಂತ್ರ ಹಳೆಯದಾಯಿತೆಂದು ಎಸೆಯುವ ಮೊದಲು, ಅದರಿಂದ ಕೆಲಸ ತೆಗೆಯುವ ಬಗೆಯನ್ನು ನಾವು ಕಲಿತಿದ್ದೇವೆಯೇ ಎಂದು ಒಮ್ಮೆ ಕೇಳಿಕೊಳ್ಳೋಣ.