ಕೆರೆ ಪಕ್ಕದ ಮನೆಯೂ ವಿಮೆಯ ಸಣ್ಣ ಅಕ್ಷರವೂ

ಕುಂದಲಹಳ್ಳಿಯಲ್ಲಿ ಇವತ್ತಿಗೂ ಕೆರೆ ಇದೆ. ಅದರ ಸುತ್ತ ಅಪಾರ್ಟ್‌ಮೆಂಟುಗಳಿವೆ, ಆಚೆ ಐಟಿ ಕಚೇರಿಗಳಿವೆ. ಕಿಟಕಿಯಿಂದ ಕೆರೆ ಕಂಡರೆ ಮನೆಗೆ ಬೆಲೆ ಜಾಸ್ತಿ. ನಮ್ಮ ಅಜ್ಜಂದಿರ ಲೆಕ್ಕ ಬೇರೆಯೇ ಇತ್ತು. ಊರು ದಿಬ್ಬದ ಮೇಲೆ, ಗದ್ದೆ ಏರಿಯ ಕೆಳಗೆ. ಕೋಡಿ ನೀರು ಹರಿಯುವ ಕಡೆ ಯಾರೂ ಪಾಯ ತೆಗೆಯುತ್ತಿರಲಿಲ್ಲ. ಎಷ್ಟು ಮಳೆಗೆ ನೀರು ಎಲ್ಲಿಗೆ ಬರುತ್ತದೆ ಎಂಬುದು ತೂಬು ಎತ್ತುವ ನೀರಗಂಟಿಗೆ ಗೊತ್ತಿತ್ತು. ಆಗಿನವರಿಗೆ ಅದೇ ವಿಮೆ.

ಕಾಗದದ ವಿಮೆಯ ಕಥೆ ಬೇರೆ. 1973ರ ಜನವರಿ 1ರಿಂದ 107 ವಿಮಾ ಕಂಪನಿಗಳು ಸರ್ಕಾರದ 4 ಕಂಪನಿಗಳಲ್ಲಿ ಸೇರಿದವು. ಮನೆಗೆ ಸಿಗುತ್ತಿದ್ದುದು ಮುಖ್ಯವಾಗಿ ಬೆಂಕಿ ವಿಮೆ. ನಂತರ ಬಂದ 'ಸ್ಟ್ಯಾಂಡರ್ಡ್ ಫೈರ್' ಪಾಲಿಸಿಯಲ್ಲಿ ಬಿರುಗಾಳಿ, ಪ್ರವಾಹವೂ ಸೇರಿದ್ದವು. ಆದರೆ ಅವು ಬೇಡವೆಂದರೆ ಪ್ರೀಮಿಯಂ ಕಡಿಮೆಯಾಗುತ್ತಿತ್ತು. ನಮ್ಮಲ್ಲೊಬ್ಬರ ಮನೆಗೆ ಸಾಲದ ಜೊತೆ ಮಾಡಿಸಿದ್ದ ಹಳೇ ಪಾಲಿಸಿಯನ್ನು ಬೀರುವಿನಿಂದ ತೆಗೆದು ಓದಿದಾಗ ಪ್ರವಾಹವನ್ನು ಕೈಬಿಟ್ಟಿದ್ದು ಕಂಡಿತು. ಅಷ್ಟು ವರ್ಷ ಮನೆಯವರು ನೀರು ಬಂದರೂ ದುಡ್ಡು ಬರುತ್ತದೆ ಎಂದೇ ನಂಬಿದ್ದರು.

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಲ್ಲಿ ಸುಮಾರು 130 ಮಿ.ಮೀ. ಮಳೆ ಸುರಿಯಿತು. ಮಹದೇವಪುರ ವಲಯ ಮುಳುಗಿತು. ಯಮಲೂರು, ಸರ್ಜಾಪುರ ರಸ್ತೆಯ ಕೋಟ್ಯಂತರ ರೂಪಾಯಿಯ ಮನೆಗಳಿಂದ ಜನ ಟ್ರಾಕ್ಟರ್, ದೋಣಿ ಹತ್ತಿ ಹೊರಬಂದರು. ಈ ಭಾಗದ ಕೆರೆಗಳು ಒಂದಕ್ಕೊಂದು ಕಾಲುವೆಯಿಂದ ಕೂಡಿಕೊಂಡವು. ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗಬೇಕು. ನಡುವೆ ಕಾಲುವೆ ಕಿರಿದಾದರೆ ನೀರು ಮನೆಯೊಳಗೇ ದಾರಿ ಮಾಡಿಕೊಳ್ಳುತ್ತದೆ.

ಕಟ್ಟಡ ಎಷ್ಟು ದೂರ ಇರಬೇಕು ಎಂಬುದೂ ಬದಲಾಗುತ್ತಾ ಬಂದಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯಿಂದ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮಾಸ್ಟರ್ ಪ್ಲಾನಿನ 30 ಮೀಟರೇ ಮತ್ತೆ ಬಂತು.

2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ನಮೂನೆಯ 'ಭಾರತ್ ಗೃಹ ರಕ್ಷಾ' ಕೊಡಬೇಕು ಎಂದು ವಿಮಾ ಪ್ರಾಧಿಕಾರ ಹೇಳಿತು. ಇದರಲ್ಲಿ ಪ್ರವಾಹಕ್ಕೆ ರಕ್ಷಣೆ ಇದೆ. ಕೆರೆ ಪಕ್ಕದ ಮನೆಗೂ ಇದು ಒಳ್ಳೆಯ ಸುದ್ದಿ. ಆದರೆ ನೆಲ ಕುಸಿದರೆ ಏನು ಸಿಗದು ಎಂಬ ಪಟ್ಟಿ ಓದಿ. ಮಣ್ಣು ತುಂಬಿಸಿದ ನೆಲ ಕೂತರೆ ಇಲ್ಲ. ನದಿ, ಕಡಲು ಕೊರೆದರೆ ಇಲ್ಲ. ವಿನ್ಯಾಸ, ಕೆಲಸ ಕಳಪೆಯಾಗಿದ್ದರೆ ಇಲ್ಲ. ಕೆರೆಯಂಗಳಕ್ಕೆ ಮಣ್ಣು ಹೊಡೆದು ಸೈಟು ಮಾಡಿದ ಕಡೆ ಮೊದಲ ಸಾಲೇ ಕುತ್ತು ತರುತ್ತದೆ. ಒತ್ತುವರಿ ಎಂದು ಮನೆ ಒಡೆದರೆ ಆ ನಷ್ಟವೂ ವಿಮೆಗೆ ಬರದು. ಜಾಗದ ಬೆಲೆಯಂತೂ ಲೆಕ್ಕಕ್ಕೇ ಇಲ್ಲ, ಕಟ್ಟುವ ಖರ್ಚಷ್ಟೇ.

ಬ್ರಿಟನ್ನಿನಲ್ಲಿ ನೆರೆಪೀಡಿತ ಮನೆಗಳ ವಿಮೆ ಕೈಗೆಟುಕಲಿ ಎಂದು 2016ರಲ್ಲಿ 'ಫ್ಲಡ್ ರೀ' ಯೋಜನೆ ಶುರುವಾಯಿತು. 2009ರಿಂದೀಚೆಗೆ ಕಟ್ಟಿದ ಮನೆಗಳನ್ನು ಅದರಿಂದ ಹೊರಗಿಟ್ಟರು. ಅಪಾಯ ಗೊತ್ತಿದ್ದೂ ತಗ್ಗಿನಲ್ಲಿ ಕಟ್ಟುವುದಕ್ಕೆ ಕುಮ್ಮಕ್ಕು ಕೊಡಬಾರದು ಎಂಬುದು ಅಲ್ಲಿನ ಲೆಕ್ಕ.

ನಗರ ಈಗ ನಮ್ಮ ಹಳ್ಳಿಗಳ ಕಡೆಗೂ ಬರುತ್ತಿದೆ. ಸೈಟಿಗೆ ಮುಂಗಡ ಕೊಡುವ ಮೊದಲು ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನು ಮೊಬೈಲಿನಲ್ಲೇ ತೆಗೆದು ಕೆರೆ, ಕಾಲುವೆ ಎಲ್ಲಿವೆ ನೋಡಿ. ಪಾಲಿಸಿಯಲ್ಲಿ ಪ್ರವಾಹ ಇದೆಯೇ ಎಂದು ಕೇಳಿ, ಅರ್ಜಿಯಲ್ಲಿ ಇದ್ದದ್ದನ್ನೇ ಬರೆಯಿರಿ. ಊರಿನ ಹಿರಿಯರೊಬ್ಬರನ್ನು ಸೈಟಿಗೆ ಕರೆದುಕೊಂಡು ಹೋಗಿ, 'ಮೊದಲು ಇಲ್ಲಿ ಏನಿತ್ತು ತಾತ?' ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ.