ಮರ ನಗರದ್ದು, ದುರಸ್ತಿ ಯಾರದ್ದು? ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್‌ಗಳ ಪಾದಚಾರಿ ಮಾರ್ಗ ನೀತಿ

ಬೀದಿಮರದ ಬೇರು ಮನೆಯ ಮುಂದಿನ ಕಾಂಕ್ರೀಟ್ ಹಾಸನ್ನು ಎತ್ತಿದರೆ ಅದನ್ನು ಸರಿಪಡಿಸುವ ಖರ್ಚು ಯಾರು ಹೊರಬೇಕು? ಅಮೆರಿಕದ ಅನೇಕ ನಗರಗಳಲ್ಲಿ ಮರದ ಮೇಲಿನ ಅಧಿಕಾರ ನಗರಾಡಳಿತದ್ದು, ಹಾಸಿನ ಹೊಣೆ ಮನೆ ಮಾಲೀಕರದ್ದು. ಮಾಲೀಕರಿಗೆ ನಗರ ನೀಡುವ ನೆರವು ಈ ಒಡಕನ್ನು ಎಷ್ಟರಮಟ್ಟಿಗೆ ಸರಿಪಡಿಸಿದೆ ಎಂಬುದನ್ನು ಎರಡು ನಗರಗಳ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಹಾನಿಯ ಸ್ವರೂಪ. ಗಟ್ಟಿಯಾಗಿ ದಮ್ಮಸ್ಸು ಮಾಡಿದ ಮಣ್ಣಿನೊಳಗೆ ಬೇರಿಗೆ ಗಾಳಿ ಸಿಗುವುದಿಲ್ಲ. ಹಾಸಿನ ತಳಕ್ಕೂ ಮಣ್ಣಿಗೂ ನಡುವಿನ ತೆಳುವಾದ ಸಂದಿನಲ್ಲಿ ತೇವವೂ ಇದೆ, ಗಾಳಿಯೂ ಇದೆ. ಅಲ್ಲಿಗೆ ನುಗ್ಗಿದ ಬೇರು ವರ್ಷ ವರ್ಷವೂ ದಪ್ಪವಾಗಿ, ಹಾಸನ್ನು ಅದರ ಜೋಡಣೆಯ ಬಳಿ ಮೇಲೆತ್ತುತ್ತದೆ. ಕಾಲಿಂಚಿಗಿಂತ ಹೆಚ್ಚಿನ ಏರುಪೇರನ್ನು ಇಳಿಜಾರು ಮಾಡದೆ ಬಿಡುವಂತಿಲ್ಲ ಎನ್ನುತ್ತದೆ ಅಂಗವಿಕಲರ ಪ್ರವೇಶಾವಕಾಶದ ಮಾನದಂಡ. ಗಾಲಿಕುರ್ಚಿಗೆ ಆ ಅಂಚೇ ತಡೆಗೋಡೆ.

ಕ್ಯಾಲಿಫೋರ್ನಿಯಾದಲ್ಲಿ ದುರಸ್ತಿಯ ಹೊಣೆಯನ್ನು ಪಕ್ಕದ ಜಾಗದ ಮಾಲೀಕರ ಮೇಲೆ ಹೊರಿಸುವ ಕಾನೂನಿನ ಮೂಲ 1911ರ ಕಾಯ್ದೆಯಲ್ಲಿದೆ. ಲಾಸ್ ಏಂಜಲೀಸ್ 1970ರ ದಶಕದಲ್ಲಿ, ಕೇಂದ್ರ ಸರ್ಕಾರದ ಹಣದ ಬಲದಿಂದ, ಬೇರಿನ ಹಾನಿಯ ದುರಸ್ತಿಯನ್ನು ತಾನೇ ವಹಿಸಿಕೊಂಡಿತು. ಹಣ ಮುಗಿಯಿತು, ಹೊಣೆ ಉಳಿಯಿತು, ಕೆಲಸ ದಶಕಗಟ್ಟಲೆ ಬಾಕಿ ಬಿತ್ತು. ಅಂಗವಿಕಲರು ಹೂಡಿದ ವಿಲಿಟ್ಸ್ ಪ್ರಕರಣದ ರಾಜಿಯಂತೆ ನಗರವು 30 ವರ್ಷಗಳಲ್ಲಿ ಸುಮಾರು 140 ಕೋಟಿ ಡಾಲರ್ ವೆಚ್ಚ ಮಾಡಲು ಒಪ್ಪಬೇಕಾಯಿತು. ಆಮೇಲೆ 2016ರಲ್ಲಿ ಬಂದದ್ದು 'ಸರಿಪಡಿಸಿ, ಬಿಟ್ಟುಕೊಡುವ' ನೀತಿ: ನಗರ ಒಮ್ಮೆ ದುರಸ್ತಿ ಮಾಡಿ, ವಾಸದ ಮನೆಗಳಿಗೆ 20 ವರ್ಷಗಳ ಖಾತರಿ ಕೊಟ್ಟು, ಹೊಣೆಯನ್ನು ಮಾಲೀಕರಿಗೆ ಮರಳಿಸುತ್ತದೆ. ತಾವಾಗಿಯೇ ದುರಸ್ತಿ ಮಾಡಿಸಿಕೊಳ್ಳುವವರಿಗೆ ಖರ್ಚಿನ ಒಂದು ಪಾಲನ್ನು ವಾಪಸ್ ಕೊಡುವ ಯೋಜನೆಯನ್ನೂ ನಗರ ತಂದಿತು.

ನ್ಯೂಯಾರ್ಕಿನ ದಾರಿ ಬೇರೆ. ಅಲ್ಲಿ 2003ರಲ್ಲಿ ಜಾರಿಗೆ ಬಂದ ಕಾನೂನು ಅಪಘಾತದ ಹೊಣೆಯನ್ನು ಮಾಲೀಕರಿಗೆ ವರ್ಗಾಯಿಸಿದರೂ, ಮಾಲೀಕರೇ ವಾಸವಿರುವ, ಒಂದರಿಂದ ಮೂರು ಕುಟುಂಬಗಳ ಮನೆಗಳನ್ನು ಹೊರಗಿಟ್ಟಿತು. ಅಂಥ ಸಣ್ಣ ಮನೆಗಳ ಮುಂದಿನ ಬೇರಿನ ಹಾನಿಯನ್ನು ಉದ್ಯಾನ ಇಲಾಖೆಯ ಕಾರ್ಯಕ್ರಮವೊಂದು ತೀವ್ರತೆಯ ಅನುಕ್ರಮದಲ್ಲಿ ಸರಿಪಡಿಸುತ್ತದೆ. ಕೇವಲ ನಗರದ ಮರದಿಂದಾದ ಹಾನಿಗಾಗಿ ಇಂಥ ಮನೆಗಳ ಮೇಲೆ ಋಣಭಾರ ಹೊರಿಸುವುದನ್ನು ನಿಲ್ಲಿಸುವುದಾಗಿ 2019ರಲ್ಲಿ ನಗರ ಪ್ರಕಟಿಸಿತು.

ಎರಡನ್ನೂ ತೂಗಿದರೆ ವ್ಯತ್ಯಾಸ ಸ್ಪಷ್ಟ. ಲಾಸ್ ಏಂಜಲೀಸ್ ನೆರವನ್ನು ಅವಧಿಗೆ ಕಟ್ಟಿತು, ನ್ಯೂಯಾರ್ಕ್ ಹಾನಿಯ ಕಾರಣಕ್ಕೆ ಕಟ್ಟಿತು. ಲಾಸ್ ಏಂಜಲೀಸಿನ ಬೀದಿಗಳಲ್ಲಿ ಸಾಲುಗಟ್ಟಿರುವ, ಆಲದ ಕುಲದ ಫೈಕಸ್ ಮರಗಳು 20 ವರ್ಷಗಳನ್ನು ದಾಟಿಯೂ ಬೆಳೆಯುತ್ತವೆ. ಖಾತರಿ ಮುಗಿದ ಮರುದಿನವೂ ಅವು ನಗರದ ಸ್ವತ್ತೇ. ದುರಸ್ತಿಗೆ ಸರದಿ ಕಾಯಬೇಕಾದ ದೋಷ ನ್ಯೂಯಾರ್ಕಿನ ಮಾದರಿಯಲ್ಲಿದ್ದರೂ ಹೊಣೆಗಾರಿಕೆಯ ತರ್ಕ ಅದರಲ್ಲೇ ಸರಿಯಾಗಿದೆ. ಬೇರು ತಡೆಯುವ ಪರದೆ, ಅಗಲವಾದ ಪಾತಿ, ಮರವನ್ನು ಬಳಸಿ ಸಾಗುವ ಹಾಸು ಇವನ್ನೆಲ್ಲ ಅಳವಡಿಸುವ ಅಧಿಕಾರವೂ ಮರದ ಒಡೆಯನಿಗೇ ಇರುವುದರಿಂದ, ಮರ ಇರುವಷ್ಟು ಕಾಲವೂ ಅದರ ಹಾನಿಯ ವೆಚ್ಚವನ್ನು ನಗರವೇ ಭರಿಸುವುದು ನ್ಯಾಯ.